ಬಸಕ್ಕನ ಡಬ್ಬಿಯ ವಿಷಯವಾಗಿ ಕ್ಯಾಚ್ ಅವರಿಗೆ ಒಂದು ಅಹವಾಲು

ಮಾರ್ಸ್ಡನ್ ಪಾರ್ಕ್, ಸಿಡ್ನಿ
ಫೆಬ್ರವರಿ, ಗುರುವಾರ

ಇಂಗ್ಲಿಷ್ ಭಾಷೆಯ ಹಿರಿಯ ಕ್ರಿಯಾಪದವೂ ಈ ಖಂಡದ ಸಮಸ್ತ ವಿದಾಯಗಳ ಅಧಿಪತಿಯೂ ಆದ ಕ್ಯಾಚ್ ಅವರ ಸನ್ನಿಧಾನಕ್ಕೆ,

ಮಾನ್ಯರೇ,

‘ಕ್ಯಾಚ್ ಅಪ್ ಮಾಡೋಣ’ ಎಂಬುದು ಕರೆಯುವ ಮಾತಲ್ಲ, ಕಳಿಸುವ ಮಾತು ಎಂದೋ, ಅದಕ್ಕೆ ಹತ್ತಿರದ ಇನ್ನೇನೋ ಒಂದನ್ನು ನನ್ನ ಮಗಳು ಚಿನ್ಮಯಿ ಕಾರಿನ ಹಿಂದಿನ ಸೀಟಿನಿಂದ ಹೇಳಿದ್ದಳು. ಅವಳು ಹೇಳಿದ್ದು ಇಂಗ್ಲಿಷಿನಲ್ಲಿ, ನನಗೆ ನೆನಪಿರುವುದು ಕನ್ನಡದಲ್ಲಿ. ಪದಗಳು ಹೆಚ್ಚುಕಡಿಮೆಯಾಗಿದ್ದರೆ ತಾವು ಮನ್ನಿಸಬೇಕು. “ಅಪ್ಪಾ, ದಟ್ಸ್ ನಾಟ್ ಆನ್ ಇನ್ವಿಟೇಶನ್. ದಟ್ಸ್ ಜಸ್ಟ್ ಬೈ” ಎಂದಿರಬೇಕು. ಹದಿಮೂರರ ಹುಡುಗಿಗೆ ಗೊತ್ತಿದ್ದ ಈ ಸಂಗತಿ, ಹತ್ತೊಂಬತ್ತು ವರ್ಷದಿಂದ ಈ ದೇಶದ ನೀರು ಕುಡಿದ ನಲವತ್ತಾರರ ನನಗೆ ಗೊತ್ತಾಗದೆ ಹೋದದ್ದರಲ್ಲಿ ತಮ್ಮ ತಪ್ಪು ಕಿಂಚಿತ್ತೂ ಇಲ್ಲವೆಂದು ಮೊದಲೇ ಒಪ್ಪಿಕೊಂಡು, ತಮ್ಮ ಕ್ಷೇಮವನ್ನು ವಿಚಾರಿಸುತ್ತ, ಈ ಪತ್ರವನ್ನು ನಾಲ್ಕು ಜನ ಓದಲೆಂದೇ ಬಹಿರಂಗವಾಗಿ ಬರೆಯುತ್ತಿದ್ದೇನೆ.

ತಮ್ಮ ಕಾರ್ಯಬಾಹುಳ್ಯವನ್ನು ನಾನು ಬಲ್ಲೆ. ಬೆಳಿಗ್ಗೆ ಏಳರ ರೈಲನ್ನು ಜನರಿಗೆ ಹಿಡಿಸಿಕೊಡುವವರು ತಾವು. ಜೂನ್ ತಿಂಗಳಲ್ಲಿ ನೆಗಡಿಯನ್ನು ಹಂಚುವವರು ತಾವು. ಭಾನುವಾರ ಕಡಲತೀರದಲ್ಲಿ ಬಿಸಿಲನ್ನೂ ಅಲೆಯನ್ನೂ ಒದಗಿಸುವವರು ತಾವು. ಬೇಲಿಯಾಚೆಯ ಪಕ್ಕದ ಮನೆಯವನು ಹೇಳಿದ್ದು ನನಗೆ ಕೇಳಿಸದಿದ್ದಾಗ ಆ ಕಿವುಡನ್ನು ಸಭ್ಯವಾಗಿ ಮುಚ್ಚುವವರೂ ತಾವೇ. ನನ್ನ ಭಾಷೆಯಲ್ಲಿಯೂ ತಮ್ಮ ದೂರದ ಬಂಧುವಾದ ಹಿಡಿಯುವುದು ಎಂಬುದೊಂದಿದೆ. ಅದು ಬಸ್ಸು ಹಿಡಿಯುತ್ತದೆ, ಜಡಿಮಳೆಯಂತೆ ಹಿಡಿದರೆ ಬಿಡುವುದಿಲ್ಲ, ಹುಚ್ಚೂ ಹಿಡಿಯುತ್ತದೆ. ಆದರೆ ಹೋಗುತ್ತಿರುವವನ ಬೆನ್ನು ತಟ್ಟಿ, ಅವನನ್ನು ಎಂದೂ ಹಿಡಿಯದೆ, ಇನ್ನೇನು ಹಿಡಿದೇಬಿಟ್ಟೆನೆಂಬ ಭಾವನೆಯನ್ನು ಇಬ್ಬರಲ್ಲಿಯೂ ಉಳಿಸುವ ನೈಪುಣ್ಯ ಆ ಬಡಪಾಯಿಗೆ ಇಲ್ಲ. ಅದು ತಮ್ಮದು ಮಾತ್ರ.

ತಮ್ಮನ್ನು ನಾನು ಮೊದಲು ಕಂಡದ್ದು ಮೆಲ್ಬರ್ನಿನ ಡ್ಯಾಂಡಿನಾಂಗ್‌ನ ಒಂದು ಗೋದಾಮಿನಲ್ಲಿ. ಆಗ ನಾನು ತಿಪಟೂರಿನಿಂದ, ಗೆಳೆಯ ವಿರುಪಾಕ್ಷ ಧಾರವಾಡದಿಂದ ಓದಲೆಂದು ಬಂದು, ಒಂದೇ ಕೋಣೆಯಲ್ಲಿದ್ದು, ವಾರಕ್ಕೆ ಮೂರು ದಿನ ಅಲ್ಲಿ ಪೆಟ್ಟಿಗೆ ಜೋಡಿಸುತ್ತಿದ್ದೆವು. ಕೆಲಸ ಬಿಟ್ಟ ದಿನ ಅಲ್ಲಿನ ಮೇಲ್ವಿಚಾರಕ ನಮ್ಮಿಬ್ಬರ ಕೈ ಕುಲುಕಿ, ಈ ವೀಕೆಂಡ್ ನಿಮ್ಮ ಕಡೆ ಬರುವವನಿದ್ದೇನೆ, ಕ್ಯಾಚ್ ಅಪ್ ಮಾಡಲೇಬೇಕು, ಅಂದರೆ ಕೂತು ನಾಲ್ಕು ಮಾತಾಡಲೇಬೇಕು ಎಂದ. ನಾವು ಶನಿವಾರ ಕೋಣೆ ಗುಡಿಸಿದೆವು, ಹಾಸಿಗೆಗಳನ್ನು ಗೋಡೆಗೆ ನಿಲ್ಲಿಸಿದೆವು, ಆರು ಜನಕ್ಕಾಗುವಷ್ಟು ಅವಲಕ್ಕಿ ಒಗ್ಗರಣೆ ಹಾಕಿ, ಖಾರ ಕಡಿಮೆ ಮಾಡಿ, ಸಂಜೆವರೆಗೆ ಕಾದೆವು. “ಶನಿವಾರ ಅಂತ ಹೇಳಿದ್ನೋ, ನಾವ ತಿಳಕೊಂಡ್ವೋ?” ಎಂದು ವಿರುಪಾಕ್ಷ ಕೇಳಿದ. ಭಾನುವಾರವೂ ಕಾದೆವು. ಸೋಮವಾರ ಉಳಿದ ಅವಲಕ್ಕಿಯನ್ನು ತಿನ್ನುತ್ತ, “ಇನ್ನ ಮ್ಯಾಲೆ ಯಾರರ ಹಿಂಗ ಅಂದ್ರ, ಯಾವ ವಾರಲೇ ಅಂತ ಕೇಳಬೇಕ ನೋಡ ಮಗನ” ಎಂದು ಅವನು ನನ್ನಿಂದ ಮಾತು ತೆಗೆದುಕೊಂಡ.

ಆ ಮಾತನ್ನು ನಾವಿಬ್ಬರೂ ಮುರಿದೆವು. ಯಾವ ವರ್ಷ ಮುರಿದೆವೆಂಬುದು ಸರಿಯಾಗಿ ನೆನಪಿಲ್ಲ. ಇಲ್ಲೇ ನೆಲೆಸಲು ಪಿಆರ್ ಬಂತು, ಮದುವೆಗಳಾದವು, ಮನೆಸಾಲವೆಂಬ ಮಾರ್ಟ್‌ಗೇಜ್ ಬಂತು. ಬೇರೆಯವರ ಮಾತೆಂದು ನಗುತ್ತಿದ್ದದ್ದು ಒಂದು ದಿನ ನಮ್ಮ ಬಾಯಲ್ಲೇ ಇತ್ತು. ಬೇರೆ ಭಾಷೆಯೊಂದು ಮನೆಯೊಳಕ್ಕೆ ಬರುವುದು ಹೀಗೇ ಇರಬೇಕು, ಅಣಕಿಸಲೆಂದು ಬಾಗಿಲು ತೆರೆದಿರುತ್ತೇವೆ.

ಇನ್ನು ಡಬ್ಬಿಯ ವಿಷಯ. ಎಂಟು ವರ್ಷದ ಹಿಂದೆ ನನ್ನ ಕೆಲಸ ಸಿಡ್ನಿಗೆ ವರ್ಗವಾದಾಗ ವಿರುಪಾಕ್ಷನ ತಾಯಿ ಬಸಕ್ಕ ಮಗನ ಮನೆಗೆ ಬಂದಿದ್ದರು. ನಾವು ಹೊರಡುವ ದಿನ ಒಂದು ಸ್ಟೀಲ್ ಡಬ್ಬಿಯ ತುಂಬ ಶೇಂಗಾ ಹೋಳಿಗೆ ತುಂಬಿ ನನ್ನ ಕೈಗಿಟ್ಟರು. ಡಬ್ಬಿಯ ಮುಚ್ಚಳದ ಮೇಲೆ ಚುಕ್ಕಿಚುಕ್ಕಿಯಾಗಿ ಬಸಕ್ಕ ಶಾಂತವೀರಪ್ಪ ಎಂದು ಕೊರೆದಿದೆ; ಅಂಗಡಿಯವನು ಅವಸರದಲ್ಲಿ ಕೊರೆದದ್ದರಿಂದ ಅವರ ಗಂಡನ ಹೆಸರಿನ ಕೊನೆಯ ಅಕ್ಷರ ಅಂಚಿನಿಂದ ಕೆಳಗೆ ಇಳಿದಿದೆ. “ಡಬ್ಬಿ ಖಾಲಿ ಕಳಸಬ್ಯಾಡ. ಯಾರ ಕೈಯಾಗೂ ಕಳಸಬ್ಯಾಡ. ನೀನ ತಗೊಂಡ ಬಾ” ಎಂದರು. ನಮ್ಮ ಕಡೆಯೂ ಇದೇ ಪದ್ಧತಿ. ಬಂದ ಡಬ್ಬಿ ಏನಾದರೂ ತುಂಬಿಕೊಂಡೇ ಮರಳಬೇಕು, ಇಲ್ಲದಿದ್ದರೆ ಎರಡು ಚಮಚ ಸಕ್ಕರೆಯಾದರೂ ಇರಬೇಕು. ಹೋಳಿಗೆ ನಾಲ್ಕು ದಿನಕ್ಕೆ ಮುಗಿಯಿತು. ಡಬ್ಬಿ ಅಂದಿನಿಂದ ನಮ್ಮ ಫ್ರಿಜ್ಜಿನ ಮೇಲೆ ಕುಳಿತಿದೆ. ಸಿಡ್ನಿಯಿಂದ ಮೆಲ್ಬರ್ನಿಗೆ ವಿಮಾನದಲ್ಲಿ ಒಂದೂವರೆ ಗಂಟೆ ಎಂಬುದನ್ನು ತಾವು ಬಲ್ಲಿರಿ; ಆ ವಿಮಾನವನ್ನೂ ಹಿಡಿಸುವವರು ತಾವೇ ಅಲ್ಲವೇ.

ಈ ಎಂಟು ವರ್ಷದಲ್ಲಿ ನಾನು ಮತ್ತು ವಿರುಪಾಕ್ಷ ಪರಸ್ಪರ ಕಳಿಸಿದ ಸಂದೇಶಗಳಲ್ಲಿ ತಮ್ಮ ಹೆಸರು ಅರವತ್ತೊಂದು ಬಾರಿ ಬಂದಿದೆಯೆಂದು ಚಿನ್ಮಯಿ ಫೋನಿನಲ್ಲಿ ಹುಡುಕಿ ತೋರಿಸಿದಳು. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ, ಹುಟ್ಟುಹಬ್ಬಗಳಿಗೊಮ್ಮೆ. ಅರವತ್ತೊಂದರಲ್ಲಿ ಒಂದರ ಪಕ್ಕದಲ್ಲಿಯೂ ಒಂದು ವಾರದ ಹೆಸರಿರಲಿಲ್ಲ. ಇಷ್ಟು ದೀರ್ಘಕಾಲ, ಇಷ್ಟು ಕಡಿಮೆ ಸಾಮಗ್ರಿಯಿಂದ ಒಂದು ಸ್ನೇಹವನ್ನು ಜೀವಂತವಾಗಿಟ್ಟ ತಮ್ಮ ಸಾಮರ್ಥ್ಯಕ್ಕೆ ತಲೆಬಾಗುತ್ತೇನೆ.

ಹೋದ ವಾರ ಆಫೀಸಿನ ಕೆಲಸಕ್ಕೆಂದು ಮೂರು ದಿನ ಮೆಲ್ಬರ್ನಿನಲ್ಲಿದ್ದೆ. ವಿರುಪಾಕ್ಷನಿಗೆ ಹೇಳಲಿಲ್ಲ. ಏಕೆ ಹೇಳಲಿಲ್ಲ ಎಂಬುದಕ್ಕೆ ಹೋಟೆಲಿನ ಕನ್ನಡಿಯ ಮುಂದೆ ನಾಲ್ಕು ಕಾರಣ ಸಿದ್ಧಪಡಿಸಿದ್ದೆ, ಡಬ್ಬಿ ತಂದಿಲ್ಲ ಎಂಬುದು ಅವುಗಳಲ್ಲಿ ಎಲ್ಲಕ್ಕಿಂತ ಗೌರವದ್ದು. ಮೂರನೆಯ ದಿನ ಮಧ್ಯಾಹ್ನ ಡ್ಯಾಂಡಿನಾಂಗ್‌ನ ಅಂಗಡಿಯೊಂದಕ್ಕೆ ಜೋಳದ ಹಿಟ್ಟು ಕೊಳ್ಳಲು ಹೋದೆ. ಹಿಟ್ಟಿನ ಸಾಲಿನ ಆ ತುದಿಯಲ್ಲಿ ವಿರುಪಾಕ್ಷ ನಿಂತಿದ್ದ. ಅವನು ನನ್ನನ್ನು ಕಂಡು, ಕಂಡಿಲ್ಲವೆಂಬಂತೆ ಕಡಲೆಹಿಟ್ಟಿನ ಚೀಟಿಯನ್ನು ಓದತೊಡಗಿದ. ನಾನೂ ರವೆಯ ಚೀಟಿಯನ್ನು ಓದುತ್ತಿದ್ದೆ. ಹೀಗೆ ಇಬ್ಬರು ಮಧ್ಯವಯಸ್ಕರು ಎಷ್ಟು ಹೊತ್ತು ಓದಬಹುದಿತ್ತೋ ತಿಳಿಯದು; ಅಂಗಡಿಯ ಹೆಂಗಸು ದಾರಿ ಬಿಡಿ ಎಂದು ಹಿಂದಿಯಲ್ಲಿ ಹೇಳಿದ್ದರಿಂದ ಇಬ್ಬರೂ ಒಟ್ಟಿಗೆ ತಲೆಯೆತ್ತಿದೆವು.

“ಯಾವಾಗ ಬಂದೀಲೇ ಪ್ರತಾಪ?”

“ಇವತ್ತೇ ಬಂದೆ ಕಣೋ, ಇವತ್ತೇ ವಾಪಸ್ ಫ್ಲೈಟು” ಎಂದು ನಾನು ಸುಳ್ಳು ಹೇಳಿದೆ.

ಅವನು ಐದು ಕಿಲೋ ಹಿಟ್ಟಿನ ಚೀಲವನ್ನು ಒಂದು ಕಂಕುಳಿನಿಂದ ಇನ್ನೊಂದಕ್ಕೆ ದಾಟಿಸಿ, “ನಾನೂ ಜನವರಿಯಾಗ ಲಿವರ್‌ಪೂಲ್‌ಗೆ ಬಂದಿದ್ದೆ ಬಿಡು. ಸಂಧ್ಯಾರಾಣಿ ತಂಗೀದು ಮನಿ ಓಪನಿಂಗ್ ಇತ್ತು. ಫೋನ್ ಮಾಡಬೇಕಂದೆ…” ಎಂದ. ಸಂಧ್ಯಾರಾಣಿ ಅವನ ಹೆಂಡತಿ. ಸಿಡ್ನಿಯದೇ ಬಡಾವಣೆಯಾದ ಲಿವರ್‌ಪೂಲ್‌ನಿಂದ ನನ್ನ ಮನೆಗೆ ಕಾರಿನಲ್ಲಿ ಒಂದು ಗಂಟೆಯೂ ಆಗುವುದಿಲ್ಲ.

ಮಾನ್ಯರೇ, ಹತ್ತೊಂಬತ್ತು ವರ್ಷದ ಹಿಂದೆ ಹೀಗಾಗಿದ್ದರೆ ಅವನು ಹಿಟ್ಟಿನ ಚೀಲವನ್ನು ಕೆಳಗಿಟ್ಟು, ನಾಲ್ಕು ಜನರೆದುರು ನನ್ನ ಮಾನ ತೆಗೆದು, ನನ್ನಿಂದಲೂ ಎರಡು ಬೈಸಿಕೊಂಡು, ಆಮೇಲೆ ಕುತ್ತಿಗೆಗೆ ಕೈಹಾಕಿ ಮನೆಗೆ ಎಳೆದೊಯ್ದು ಊಟಕ್ಕೆ ಕೂರಿಸುತ್ತಿದ್ದ. ಆ ಬೈಗುಳ ಅವನ ನಾಲಿಗೆಯ ತುದಿಯವರೆಗೆ ಬಂದದ್ದನ್ನು ನಾನು ಕಂಡೆ. ಸರಿಯಾಗಿ ಆ ಹೊತ್ತಿಗೆ ತಾವು ದಯಮಾಡಿಸಿದಿರಿ. “ಕ್ಯಾಚ್ ಅಪ್ ಮಾಡೂಣಲೇ” ಎಂದ. “ಡೆಫಿನೆಟ್ಲಿ” ಎಂದೆ. ನಮ್ಮಿಬ್ಬರಿಗೂ ಏನೂ ಆಗಲಿಲ್ಲ. ನನ್ನ ದೂರು ಇಷ್ಟೇ: ತಾವು ಸುಳ್ಳೆಂದು ನಾನು ಹೇಳುತ್ತಿಲ್ಲ, ತಾವು ಅತಿ ದಯಾಳು. ನಮಗೆ ನ್ಯಾಯವಾಗಿ ಸಲ್ಲಬೇಕಾಗಿದ್ದ ಒಂದು ಜಗಳವನ್ನು ತಾವು ತಪ್ಪಿಸಿದಿರಿ, ಜಗಳದ ಹಿಂದೆ ನಿಂತಿದ್ದ ಊಟವೂ ಅದರ ಜೊತೆಗೇ ಹೋಯಿತು.

ಬಾಗಿಲ ತನಕ ಹೋದವನು ತಿರುಗಿ, “ಅವ್ವ ಬಂದಾಳ. ಬರೂ ಐತವಾರ ಬಿಟ್ಟು ಅದರ ಮುಂದಿನ ಐತವಾರ ಹೊಂಟಾಳ. ಇನ್ನೊಮ್ಮೆ ಬರಾಂಗಿಲ್ಲ ಅಂತಾಳ, ಮೊಳಕಾಲು ತಡಿಯಂಗಿಲ್ಲಂತ. ತನ್ನ ಡಬ್ಬಿ ಕೇಳತಿದ್ಲು” ಎಂದು ಹೋದ.

ಮೊನ್ನೆ ಮಂಗಳವಾರ ಬಸಕ್ಕನೇ ಫೋನ್ ಮಾಡಿದರು. ನನ್ನ ಹೆಂಡತಿ ಪ್ರಾರ್ಥನಾಳನ್ನೂ ಮಗಳನ್ನೂ ವಿಚಾರಿಸಿ, ಚಿನ್ಮಯಿಯ ಇಂಗ್ಲಿಷ್ ಉತ್ತರಗಳಿಗೆಲ್ಲ “ಹೌದನಽ ನನ್ನವ್ವ” ಎಂದು ಹೇಳಿ, ಆಮೇಲೆ ನನಗೆ, “ಯಾವತ್ತ ಬರ್ತಿ?” ಎಂದರು. ನಾನು ಬಾಯಿ ತೆರೆದೆ, ತಾವು ಬಂದಿರಿ. ಅವ್ವಾ, ಖಂಡಿತ ಒಂದ್ಸಲ ಕ್ಯಾಚ್ ಅಪ್ ಮಾಡೋಣ ಎಂದುಬಿಟ್ಟೆ. “ಅದೇನ ಕ್ಯಾಚೋ ಪೀಚೋ ನಂಗ ತಿಳಿಯಂಗಿಲ್ಲ. ವಾರ ಹೇಳು” ಎಂದರು. ಎಪ್ಪತ್ತೆಂಟು ವರ್ಷದ ಆ ಹೆಂಗಸಿನ ಮುಂದೆ ತಾವು ಅಷ್ಟು ಚಿಕ್ಕವರಾದದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಶನಿವಾರ, ಹನ್ನೊಂದು ಗಂಟೆಗೆ ಎಂದೆ. ಫೋನ್ ಇಟ್ಟಮೇಲೆ ಟಿಕೆಟ್ ಬುಕ್ ಮಾಡಿದೆ.

ಈಗ ಅಡುಗೆಮನೆಯಲ್ಲಿ ಪ್ರಾರ್ಥನಾ ಕೊಬ್ಬರಿ ಮಿಠಾಯಿ ಕಲಸುತ್ತಿದ್ದಾಳೆ. “ಶೇಂಗಾ ಹೋಳಿಗೆ ಕೊಟ್ಟೋರಿಗೆ ಎಂಟು ವರ್ಷ ಆದ್ಮೇಲೆ ಬರೀ ಕೊಬ್ಬರಿ ಮಿಠಾಯಾ? ಏನಂದ್ಕೋತಾರೋ” ಎಂದು ನಡುನಡುವೆ ಅನುಮಾನಪಡುತ್ತಾಳೆ. ತಿಪಟೂರಿನವರಿಂದ ಅವರು ಇನ್ನೇನನ್ನು ನಿರೀಕ್ಷಿಸುತ್ತಾರೆ ಎಂದು ನಾನು ಸಮಾಧಾನ ಹೇಳುತ್ತೇನೆ. ಡಬ್ಬಿಯನ್ನು ಹುಣಸೆಹಣ್ಣು ಹಾಕಿ ತಿಕ್ಕಿದ್ದೇನೆ, ಚುಕ್ಕಿಗಳಲ್ಲಿ ಕೂತಿದ್ದ ಎಂಟು ವರ್ಷದ ಜಿಡ್ಡು ಹೋಗಿದೆ.

ಆದಕಾರಣ ತಮ್ಮಲ್ಲಿ ಪ್ರಾರ್ಥಿಸುವುದೇನೆಂದರೆ, ಶನಿವಾರ ಬೆಳಿಗ್ಗೆಯಿಂದ ಭಾನುವಾರ ಬಸಕ್ಕನ ವಿಮಾನ ಹೊರಡುವವರೆಗೆ ತಾವು ವಿರುಪಾಕ್ಷನ ಮನೆಯ ಸುತ್ತಮುತ್ತ ಸುಳಿಯಬಾರದು; ರಜೆ ಹಾಕಿ ಕಡಲತೀರಕ್ಕೆ ಹೋಗಿ ಅಲೆಗಳನ್ನು ನೋಡಿಕೊಳ್ಳಬಹುದು. ಮುಂದೆ ಯಾವ ಕನ್ನಡಿಗನ ಬಾಯಿಂದ ಹೊರಡುವುದಿದ್ದರೂ ಸೋಮವಾರದಿಂದ ಭಾನುವಾರದವರೆಗಿನ ಯಾವುದಾದರೊಂದು ವಾರವನ್ನು ಕೈಹಿಡಿದುಕೊಂಡೇ ಹೊರಡತಕ್ಕದ್ದು. ಅದು ಸಾಧ್ಯವಿಲ್ಲವೆಂದಾದರೆ, ನಮ್ಮ ಆ ಜಗಳವನ್ನಾದರೂ ಇದ್ದ ಸ್ಥಿತಿಯಲ್ಲಿ ಹಿಂದಿರುಗಿಸಬೇಕಾಗಿ ವಿನಂತಿ.

ತಮ್ಮಿಂದ ಹತ್ತೊಂಬತ್ತು ವರ್ಷ ಕ್ಷೇಮವಾಗಿ ಕಾಯಲ್ಪಟ್ಟ,
ತಮ್ಮ ವಿಶ್ವಾಸಿ,
ಪ್ರತಾಪ್

ತಾ.ಕ.: ಇಷ್ಟು ಬರೆದು ಮುಗಿಸುವಾಗ ವಿರುಪಾಕ್ಷನ ಸಂದೇಶ ಬಂತು. “ಶನಿವಾರ ಟೈಟ್ ಐತಲೇ, ಮಗಂದು ಕ್ರಿಕೆಟ್ ಮ್ಯಾಚ್ ಐತಿ, ನಾವು ಮನ್ಯಾಗ ಇರಾಂಗಿಲ್ಲ, ನೆಕ್ಸ್ಟ್ ಟೈಮ್ ಕ್ಯಾಚ್ ಅಪ್?” ಅರವತ್ತೆರಡು. ಪತ್ರ ತಲುಪುವ ಮೊದಲೇ ಉತ್ತರ ಕಳಿಸಿದ ತಮ್ಮ ಚುರುಕನ್ನು ಮೆಚ್ಚಿದೆ. ಆ ಮೈದಾನದಲ್ಲಿಯೂ ತಾವೇ ಇರುತ್ತೀರಿ ಎಂಬುದನ್ನು ಗಮನಿಸಿದ್ದೇನೆ. ಅವನಿಗೆ ನಾನು ಉತ್ತರ ಬರೆದಿಲ್ಲ, ಟಿಕೆಟನ್ನು ರದ್ದು ಮಾಡಿಲ್ಲ. ಡಬ್ಬಿ ಅವನದಲ್ಲ. ಬಸಕ್ಕಾ, ಮೊಳಕಾಲು ನೋವಿನವರು ಕ್ರಿಕೆಟ್ ನೋಡಲು ಹೋಗಿರಲಾರಿರಿ ಎಂಬ ಧೈರ್ಯದಿಂದ ಹೊರಟಿದ್ದೇನೆ. ಶನಿವಾರ ಹನ್ನೊಂದಕ್ಕೆ ಬಾಗಿಲು ಬಡಿದರೆ ತೆಗೆಯುವವರು ನೀವೇ ತಾನೆ?