ಇಪ್ಪತ್ತೊಂದರ ಮೇಜಿನ ಮೇಲಿನ ಅನುಮಾನ

ನಾನು ಎಲ್ಲಿಗೆ ಹೋದರೂ ಜನ ಮೊದಲು ನನ್ನ ಮುಖ ನೋಡುವುದಿಲ್ಲ, ಅಂಗಿಯ ತೋಳು ನೋಡುತ್ತಾರೆ. ಒಳಗೆ ಇಸ್ಪೀಟೆಲೆ ಬಚ್ಚಿಟ್ಟಿದ್ದಾನೋ ಏನೋ ಅಂತ. ಒಂದು ಸಲ ಆಗಿ ಮುಗಿಯುವ ಕತೆಯಲ್ಲ ಇದು, ವಾರವಾರವೂ ಆಗುತ್ತದೆ.

ಕೆಲಸವೇ ಹಾಗಿದೆ. ಇಲ್ಲಿ ಇಂಗ್ಲೆಂಡಿನಲ್ಲಿರುವ ನಮ್ಮ ಕನ್ನಡದವರು ಯಾರಾದರೂ ಹುಟ್ಟುಹಬ್ಬ, ನಿಶ್ಚಿತಾರ್ಥ ಅಂತ ಕರೆದರೆ ಮಡಚುವ ಮೇಜು, ಹಸಿರು ಬಟ್ಟೆ, ಇಸ್ಪೀಟು ಹೊತ್ತುಕೊಂಡು ಹೋಗಿ ಬ್ಲ್ಯಾಕ್‌ಜ್ಯಾಕ್ ಆಡಿಸಬೇಕು. ಸುಳ್ಳು ಕ್ಯಾಸಿನೊ. ಚಿಪ್‌ಗಳು ಅಂದರೆ ಪಣಕ್ಕಿಡುವ ಪ್ಲಾಸ್ಟಿಕ್ ಬಿಲ್ಲೆ, ದುಡ್ಡಿನ ಮಾತೇ ಇಲ್ಲ. ಆಟವೂ ಸುಲಭ: ಇಪ್ಪತ್ತೊಂದರ ಹತ್ತಿರ ಹೋಗಬೇಕು, ದಾಟಬಾರದು, ಡೀಲರನಾದ ನನಗಿಂತ ಮುಂದಿರಬೇಕು. ಲೆಕ್ಕದ ಮೇಷ್ಟ್ರಿಗೆ ಹೆದರಿ ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಈಗ ಡಾಕ್ಟರು ಇಂಜಿನಿಯರುಗಳಿಗೆ ಲೆಕ್ಕ ಹೇಳ್ತೀನಿ. ವೇರ್‌ಹೌಸು, ಪಿಜ್ಜಾ, ಕಾರ್ ವಾಶು, ಎಲ್ಲೂ ಆರು ತಿಂಗಳು ನಿಂತ ಕಾಲಲ್ಲ ಇದು. ಇಲ್ಲಿ ವಾರಕ್ಕೊಂದು ಊರು ಸುತ್ತಬಹುದು ಅಂತ ಮೊದಲ ಸಲ ಒಂದು ಕೆಲಸವನ್ನು ಪ್ರೀತಿಯಿಂದ ಹಿಡಿದುಕೊಂಡಿದ್ದೆ. ಆದರೆ ಲೀಡ್ಸ್‌ನಲ್ಲಿರುವ ನಮ್ಮ ಓನರಮ್ಮ ಸೇರಿದ ದಿನವೇ ಹೇಳಿದ್ದರು: "ಮೂರು ಕಂಪ್ಲೇಂಟ್ ಬಂದರೆ ಮನೆಗೆ."

೧. ಮೂರು ಚಿಪ್ ಎಲ್ಲಿ?

ಎಜ್‌ಬಾಸ್ಟನ್‌ನಲ್ಲಿ ಒಬ್ಬ ಡಾಕ್ಟರಿಗೆ ಐವತ್ತು ತುಂಬಿತ್ತು. ಬಂದವರೆಲ್ಲ ಆಸ್ಪತ್ರೆಯ ಗೆಳೆಯರು. ಅವರಲ್ಲಿ ಒಬ್ಬ ಹೃದಯದ ಡಾಕ್ಟರು ಹತ್ತು ಚಿಪ್ ಇಟ್ಟರು. ಮೊದಲ ಎರಡೇ ಎಲೆಗೆ ಎಕ್ಕ, ರಾಜ ಬಂದು, ಹನ್ನೊಂದು ಹತ್ತು ಸೇರಿ ಇಪ್ಪತ್ತೊಂದಾಯಿತು. ಅದೇ ಬ್ಲ್ಯಾಕ್‌ಜ್ಯಾಕ್. ಗೆದ್ದದ್ದಕ್ಕೆ ಹನ್ನೆರಡು ಚಿಪ್ ಎಣಿಸಿ ಕೊಟ್ಟೆ.

"ಹದಿನೈದು ಬರ್ಬೇಕಲ್ರೀ? ಎರಡಕ್ಕೆ ಮೂರು. ಓದಿದೀನಿ ನಾನು."

"ಅದು ಹಳೇ ರೂಲ್ಸು ಸರ್. ನಮ್ಮ ಬಟ್ಟೆ ಮೇಲೆ ಐದಕ್ಕೆ ಆರು ಅಂತ ಬರೆದಿದೆ ನೋಡಿ."

ಕನ್ನಡಕ ತೆಗೆದು, ಬಗ್ಗಿ, ಬಟ್ಟೆಗೆ ಮೂಗು ತಾಗಿಸಿ ಓದಿದರು. ಆಟಗಾರನಿಗೆ ದೊಡ್ಡ ಪೆಟ್ಟು ಕೊಡುವ ಸಾಲು ಅದು. ನಾನೂ ಇಲ್ಲ ಅನ್ನಲಿಲ್ಲ.

"ಅಂದ್ರೆ ಮೂರು ಚಿಪ್ ನಿಮ್ಮ ಜೇಬಿಗೆ."

"ಸರ್, ಪ್ಲಾಸ್ಟಿಕ್ಕು ಇದು. ಅಂಗಡೀಲಿ ಕೊಟ್ರೆ ಒಂದು ಬಾಳೆಹಣ್ಣೂ ಬರಲ್ಲ."

ಮೊದಲ ಕಂಪ್ಲೇಂಟ್ ಹೋಗಿದ್ದು ಅವರಿಂದಲೇ. ಆದರೆ ಅದಕ್ಕೂ ಮೊದಲು ಅಲ್ಲೇ ಎಲ್ಲರೆದುರು ತೀರ್ಪು ಕೊಟ್ಟರು: "ಅದಕ್ಕೇ ಕಣ್ರೀ ನನಗೆ ಭಯ. ಬೆಲೆ ಇಲ್ಲದ್ದನ್ನೇ ಹೊಡೆಯೋನು ಇನ್ನೇನು ಬಿಟ್ಟಾನು?"

೨. ಎರಡು ಸಹಿ

ಮ್ಯಾಕಲ್ಸ್‌ಫೀಲ್ಡಿನ ನಿಶ್ಚಿತಾರ್ಥಕ್ಕೆ ಬಂದವರಲ್ಲಿ ಮುಕ್ಕಾಲು ಜನ ಔಷಧಿ ತಯಾರಿಸುವ ಕೆಲಸದವರು. ಈ ದೇಶದ ಪದ್ಧತಿಯಲ್ಲಿ ಡೀಲರ್ ಮೊದಲು ಒಂದೇ ಎಲೆ ತಗೊಳ್ಳುತ್ತಾನೆ. ಎರಡನೆಯದು ಎಲ್ಲರ ಆಟ ಮುಗಿದ ಮೇಲೆ.

ಹುಡುಗಿಯ ಚಿಕ್ಕಪ್ಪ ಹುಬ್ಬು ಗಂಟಿಕ್ಕಿದರು. "ಅಮೆರಿಕದಲ್ಲಿ ನೋಡಿದೀನಿ, ಎರಡೂ ಎಲೆ ಮೊದಲೇ ತಗೊಳ್ತಾರೆ. ನೀವ್ಯಾಕೆ ಕೊನೆಗೆ?"

"ಇಲ್ಲಿ ಹಾಗೇ ಸರ್. ಇದರಲ್ಲಿ ನಿಮಗೆ ಒಂಚೂರು ನಷ್ಟ ಇರೋದು ನಿಜ. ನೀವು ಚಿಪ್ ಡಬಲ್ ಮಾಡಿದ ಮೇಲೆ ನನಗೆ ಬ್ಲ್ಯಾಕ್‌ಜ್ಯಾಕ್ ಬಂದ್ರೆ ಎರಡು ಪಾಲೂ ಹೋಗುತ್ತೆ. ಅಲ್ಲಿ ಡೀಲರ್ ಮೊದಲೇ ಇಣುಕಿ ನೋಡಿ ಹೇಳಿಬಿಡ್ತಾನೆ."

"ನೋಡಿದ್ರಾ, ತಾನೇ ಒಪ್ಕೊಂಡ! ಇಷ್ಟು ಸಲೀಸಾಗಿ ಒಪ್ಕೊಂಡ ಅಂದ್ರೆ ಒಳಗೆ ಇನ್ನೂ ಏನೋ ಇದೆ."

ಅವರ ಫ್ಯಾಕ್ಟರಿಯಲ್ಲಿ ಇಬ್ಬರ ಸಹಿ ಇಲ್ಲದೆ ಒಂದು ಮಾತ್ರೆಯೂ ಹೊರಗೆ ಹೋಗುವುದಿಲ್ಲವಂತೆ. ಅದೇ ನಿಯಮ ನನ್ನ ಇಸ್ಪೀಟಿಗೂ ಬಂತು. ನಾನು ಎಲೆ ಕಲಸಬೇಕು, ಒಬ್ಬರು ನೋಡಬೇಕು, ಆ ನೋಡಿದವರನ್ನು ಇನ್ನೊಬ್ಬರು ನೋಡಬೇಕು, ಇಬ್ಬರೂ ಪೇಪರ್ ನ್ಯಾಪ್ಕಿನ್ ಮೇಲೆ ಸಹಿ ಹಾಕಬೇಕು. ಮಧ್ಯದಲ್ಲಿ ಒಬ್ಬರು ಜಾಮೂನು ತರಲು ಎದ್ದರೆ ಮತ್ತೆ ಮೊದಲಿನಿಂದ. ಮೂರು ಗಂಟೆಯಲ್ಲಿ ಒಂಬತ್ತು ಆಟ ಆಯಿತು.

ಮರುದಿನ ಎರಡನೇ ಕಂಪ್ಲೇಂಟ್: ಡೀಲರ್ ತುಂಬಾ ನಿಧಾನ. ಕೆಳಗೆ ಇಬ್ಬರ ಸಹಿ.

೩. ಗೆಲ್ಲಿಸಿದ ತಪ್ಪಿಗೆ

ಇನ್ನೊಂದು ಬಂದರೆ ನನ್ನ ಕತೆ ಮುಗಿಯಿತು ಅನ್ನುವಾಗ ಸೊಲಿಹಲ್‌ನಲ್ಲಿ ಗೃಹಪ್ರವೇಶ. ಬೆಳಿಗ್ಗೆ ಹೋಮ, ಮಧ್ಯಾಹ್ನ ಬ್ಲ್ಯಾಕ್‌ಜ್ಯಾಕ್. ಮನೆ ಯಜಮಾನರು ಸಾಧು ಮನುಷ್ಯ. ವಾಷಿಂಗ್ ಮೆಷಿನ್ ಪಕ್ಕಕ್ಕೆ ಕರೆದುಕೊಂಡು ಹೋಗಿ ಪಿಸುಗುಟ್ಟಿದರು.

"ನೋಡಿ, ಹೊಸ ಮನೆ. ಬಂದೋರು ಸೋತು ಹೋಗಬಾರದು. ಏನಾದ್ರೂ ಮಾಡೋಕಾಗುತ್ತಾ?"

"ಮೋಸ ಮಾಡಲ್ಲ ಸರ್. ಆದ್ರೆ ರೂಲ್ಸ್ ಸಡಿಲ ಮಾಡಬಹುದು. ಎರಡಕ್ಕೆ ಮೂರು ಕೊಡೋಣ. ಇಬ್ಬರದೂ ಸಮ ಬಂದ್ರೆ ಚಿಪ್ ವಾಪಸ್ ಕೊಡೋದು ಬಿಟ್ಟು, ಅವರೇ ಗೆದ್ದ ಹಾಗೆ ಅನ್ನೋಣ. ಅದೊಂದೇ ಸಾಕು, ಆಟ ಅವರ ಕಡೆ ವಾಲುತ್ತೆ."

ಓನರಮ್ಮನಿಗೆ ಫೋನ್ ಮಾಡಿದೆ. "ಅವರು ಹೇಳಿದ ಹಾಗೆ ಮಾಡು. ಕಂಪ್ಲೇಂಟ್ ಮಾತ್ರ ಬರಬಾರದು" ಅಂದರು.

ರೂಲ್ಸನ್ನು ಜೋರಾಗಿ ಓದಿ ಹೇಳಿಯೇ ಶುರು ಮಾಡಿದೆ. ಅರ್ಧ ಗಂಟೆಯಲ್ಲಿ ಎಲ್ಲರ ಮುಂದೂ ಚಿಪ್‌ಗಳ ಗುಡ್ಡೆ. ನಗು ಕೇಳಿಸಬೇಕಿತ್ತು, ಕೇಳಿಸಿದ್ದು ಪಿಸುಮಾತು.

ಯಜಮಾನರ ಹೆಂಡತಿಯ ಅಣ್ಣ ಒಬ್ಬ ಜಿ.ಪಿ., ಅಂದರೆ ಇಲ್ಲಿನ ಫ್ಯಾಮಿಲಿ ಡಾಕ್ಟರು. ಅವರು ರೋಗಿಯನ್ನು ಕೇಳುವ ಹಾಗೆ ಪಕ್ಕದ ಹೆಂಗಸನ್ನು ಕೇಳಿದರು: "ನಿಮಗೆ ಈ ಗೆಲುವು ಯಾವಾಗಿಂದ ಶುರುವಾಯ್ತು?"

"ಕೂತಾಗಿಂದ್ಲೂ ಡಾಕ್ಟ್ರೇ."

"ಮೊದಲು ಯಾವತ್ತಾದ್ರೂ ಹೀಗಾಗಿತ್ತಾ?"

"ಅಯ್ಯೋ ಇಲ್ಲಪ್ಪ!"

ಜಿ.ಪಿ. ತಲೆ ಅಲ್ಲಾಡಿಸಿದರು. "ನನಗೆ ಗೊತ್ತಾಯ್ತು. ನಮ್ಮ ತಂಗಿ ಗಂಡ ಊಟ ಹಾಕ್ತಾನೆ, ಗೆಲ್ಲಿಸ್ತಾನೆ, ಆಮೇಲೆ ಗೋಡೆ ಮೇಲೆ ಪರದೆ ಇಳಿಸಿ ವಿಟಮಿನ್ ಮಾರೋ ಸ್ಕೀಮು ತೋರಿಸ್ತಾನೆ. ಒಬ್ಬೊಬ್ಬರು ಹತ್ತು ಜನರನ್ನ ಸೇರಿಸಿ ಅಂತಾನೆ. ಹೋದ ವರ್ಷ ಇನ್ನೊಬ್ಬರ ಮನೇಲಿ ಹೀಗೇ ಆಯ್ತಲ್ಲ!"

ಆಗಿದ್ದು ನಿಜವಂತೆ. ಎಲ್ಲರ ಕಣ್ಣೂ ಗೋಡೆಗೆ ಹೋಯಿತು. ಹೊಸ ಮನೆ, ದೊಡ್ಡ ಬಿಳಿ ಗೋಡೆ, ಒಂದು ಫೋಟೊ ಕೂಡ ನೇತುಹಾಕಿಲ್ಲ. ಒಬ್ಬೊಬ್ಬರೇ ಎದ್ದು ಕೋಟು ಹುಡುಕತೊಡಗಿದರು. "ಮಗುವಿಗೆ ಟ್ಯೂಷನ್ ಇದೆ." "ಕಾರ್ ಪಾರ್ಕಿಂಗ್ ಸರಿ ಇಲ್ಲ." ಒಳಗೆ ಪಾಯಸ ಇನ್ನೂ ಬಡಿಸಿರಲಿಲ್ಲ.

ಯಜಮಾನರು ಓಡಿ ಬಂದು ನನ್ನ ಕಿವಿಯಲ್ಲಿ ಅಳುವ ದನಿಯಲ್ಲಿ ಅಂದರು: "ಸೋಲಿಸ್ರೀ! ಬೇಗ ಸೋಲಿಸ್ರೀ!"

ನಾನು ಮೇಜು ಕುಟ್ಟಿ ಕೂಗಿದೆ. "ರೂಲ್ಸ್ ಬದಲಾಯ್ತು! ಬ್ಲ್ಯಾಕ್‌ಜ್ಯಾಕಿಗೆ ಐದಕ್ಕೆ ಆರು ಮಾತ್ರ. ಎಕ್ಕ, ಆರು ಸೇರಿ ಹದಿನೇಳಾದ್ರೆ ನಾನು ನಿಲ್ಲಲ್ಲ, ಇನ್ನೊಂದು ಎಲೆ ಎಳೀತೀನಿ. ಸಮ ಬಂದ್ರೆ ಚಿಪ್ ನನ್ನದು!"

ಇಡೀ ಮನೆ ಉಸಿರು ಬಿಟ್ಟಿತು. ಕೋಟುಗಳು ವಾಪಸ್ ಮೊಳೆಗೆ ಹೋದವು. "ಹಾಂ, ಈಗ ಬಂದ ದಾರಿಗೆ!" ಅಂತ ಜಿ.ಪಿ. ಕುರ್ಚಿ ಎಳೆದುಕೊಂಡರು. ಸೋತರು, ಬೈದರು, ಮತ್ತೆ ಚಿಪ್ ಇಟ್ಟರು, ಪಾಯಸ ಎರಡೆರಡು ಸಲ ಹಾಕಿಸಿಕೊಂಡರು. ಪ್ರತಿ ಸಮ ಬಿದ್ದಾಗಲೂ "ಕಳ್ಳ! ಕಳ್ಳ!" ಅಂತ ಮೇಜು ತಟ್ಟಿ ಖುಷಿಪಟ್ಟರು. ಯಜಮಾನರ ಮುಖದಲ್ಲಿ ಹೋಮದಷ್ಟೇ ಬೆಳಕು.

ಸೋಮವಾರ ಬೆಳಿಗ್ಗೆ ಓನರಮ್ಮನ ಫೋನು.

"ಸೊಲಿಹಲ್‌ನಿಂದ ಒಬ್ಬ ಡಾಕ್ಟರು ಬರೆದಿದ್ದಾರೆ. ಇದು ಕಂಪ್ಲೇಂಟೋ ಅಲ್ಲವೋ ನನಗೆ ಗೊತ್ತಾಗ್ತಿಲ್ಲ, ನೀನೇ ಹೇಳು" ಅಂತ ಓದಿದರು.

"ನಿಮ್ಮ ಡೀಲರ್ ಮಹಾ ಮೋಸಗಾರ. ಮುಂದಿನ ತಿಂಗಳು ನನ್ನ ಮಗಳ ಮದುವೆಗೆ ಇವನನ್ನೇ ಕಳಿಸಿ, ಬೇರೆ ಯಾರ ಮೇಲೂ ನಮಗೆ ನಂಬಿಕೆ ಇಲ್ಲ."