ಒಳಗೆ ಬಂದ ಅಕ್ಕ

ಪಕ್ಕದ ಸಲೂನಿನವನ ಬಾಯಿ ಅವನ ಕತ್ತರಿಗಿಂತ ಚುರುಕು. ಬೆಳಗ್ಗೆ ಬೆಳಗ್ಗೆಯೇ ಬಂದು ದರ್ಜಿಯ ತಲೆಯಲ್ಲಿ ಹುಳ ಬಿಟ್ಟ.

"ಅಕ್ಕ ಕಿಡ್ನಿ ಕೊಟ್ರು, ಸರಿ. ಆಮೇಲೆ ಅವರ ಜೀವಕೋಶಾನೂ ನಿನ್ನ ಮೈಗೆ ಹತ್ತಿಸಿದ್ರಂತಲ್ಲ? ಹುಷಾರು ಕಣಯ್ಯ, ನೀನೂ ಅಕ್ಕನ ಥರಾನೇ ಆಗ್ಬಿಡ್ತೀಯ!"

ದರ್ಜಿ ಹೊಲಿಗೆ ಯಂತ್ರ ನಿಲ್ಲಿಸಿದ. ಅವನ ಮೈ ಅಕ್ಕನ ಕಿಡ್ನಿಯನ್ನು ಹೊರಗಿನದೆಂದು ತಿಳಿದು ಜಗಳಕ್ಕೆ ಬೀಳದಿರಲಿ ಎಂದು ವೈದ್ಯರು ಅವಳ ಮೂಳೆಮಜ್ಜೆಯ ಜೀವಕೋಶಗಳನ್ನೂ ಅವನ ರಕ್ತಕ್ಕೆ ಬಿಟ್ಟಿದ್ದರು. ಅವು ಬೇರೂರಿದರೆ ಮುಷ್ಟಿಗಟ್ಟಲೆ ಮಾತ್ರೆಗಳಿಂದ ಬಿಡುಗಡೆ. ರಕ್ತಪರೀಕ್ಷೆಯ ಫಲಿತಾಂಶ ಇವತ್ತು ಸಂಜೆ. ಅಕ್ಕನ ಮನಸ್ಸು ಬಂಗಾರ, ನಿಜ; ಆದರೆ ಅವಳು ಬಾಯಿ ತೆರೆದರೆ ಗೋಡೆಯ ಸುಣ್ಣ ಉದುರುತ್ತಿತ್ತು.

ಅಷ್ಟರಲ್ಲಿ ವಕೀಲರು ಬಂದರು. "ಕೋಟು ಬಿಗಿಯಾಯ್ತಲ್ಲಪ್ಪ."

"ಕೋಟಿಗೇನಾಗಿದೆ? ನಿಮ್ಮ ಹೊಟ್ಟೆಗೆ ಹೇಳೋರು ಕೇಳೋರು ಇಲ್ಲ!"

ಮಾತು ಜಾರಿದ ಮೇಲೆ ದರ್ಜಿ ಬಾಯಿ ಮುಚ್ಚಿಕೊಂಡ. ವಕೀಲರು ಕೋಟು ಬಿಸಾಕಿ ಹೊರಟರು.

"ನಿನ್ನ ಬಾಯಿಗೆ ಬಂದ್ರಪ್ಪ ಅಕ್ಕ!" ಎಂದ ಸಲೂನಿನವನು ಬಾಗಿಲಲ್ಲಿ.

ದರ್ಜಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಇಸ್ತ್ರಿಯವನಿಗೆ ಗದರಿದ. ದಾರಿಹೋಕನನ್ನು ನಿಲ್ಲಿಸಿ ಕಾಲರ್ ಸರಿಮಾಡಿದ. ಊಟ ತಂದ ಹೆಂಡತಿಯನ್ನೂ ಬಿಡಲಿಲ್ಲ: "ಡಬ್ಬಿ ಹೀಗಾ ಮುಚ್ಚೋದು? ನಿಮ್ಮಮ್ಮ ಏನೂ ಕಲಿಸ್ಲಿಲ್ವಾ?"

ಅವಳ ಕಣ್ಣು ಕೆಂಪಾಯಿತು.

"ನಾನಲ್ಲ ಕಣೇ, ಬೈದದ್ದು ಅಕ್ಕ!" ಎಂದು ದರ್ಜಿ ಅಳುವ ದನಿಯಲ್ಲಿ ಕತೆಯೆಲ್ಲ ಹೇಳಿದ. ಪಾಪ ಅನ್ನಿಸಿ ಅವಳು ಡಬ್ಬಿ ತೆರೆದು ಊಟ ಬಡಿಸಿದಳು.

ಸಂಜೆ ಮೂವರೂ ಆಸ್ಪತ್ರೆಗೆ ಹೋದರು; ಇಂಥ ತಮಾಷೆ ಬಿಟ್ಟು ಸಲೂನಿನವನು ಅಂಗಡಿಯಲ್ಲಿ ಕೂತಾನೆಯೇ? ಡಾಕ್ಟರಮ್ಮ ಬಾಯಿ ತೆರೆಯುವ ಮೊದಲೇ ದರ್ಜಿ ಕೈ ಮುಗಿದ.

"ಮಾತ್ರೆ ಬೇಕಾದ್ರೆ ಸಾಯೋ ತನಕ ನುಂಗ್ತೀನಿ ಡಾಕ್ಟ್ರೇ, ಅಕ್ಕನ್ನ ಮಾತ್ರ ಆಚೆ ತೆಗೀರಿ!"

"ತೆಗೆಯೋಕೆ ಏನಿದೆ?" ಡಾಕ್ಟರಮ್ಮ ನಿಟ್ಟುಸಿರುಬಿಟ್ಟರು. "ಕಿಡ್ನಿ ಚೆನ್ನಾಗಿದೆ. ಆದ್ರೆ ಅಕ್ಕನ ಜೀವಕೋಶ ನಿಮ್ಮಲ್ಲಿ ಬೇರು ಬಿಡಲೇ ಇಲ್ಲ. ಹೋದ ತಿಂಗಳ ರಕ್ತದಲ್ಲೇ ಒಂದೂ ಇರ್ಲಿಲ್ಲ, ಈಗಲೂ ಇಲ್ಲ. ಮಾತ್ರೆ ನಿಲ್ಲಿಸೋ ಹಾಗಿಲ್ಲ."

"ಒಂದೂ... ಇಲ್ವಾ?"

"ಒಂದೂ ಇಲ್ಲ. ಇದ್ದಿದ್ರೂ ಸ್ವಭಾವ ಬದಲಾಗ್ತಿರಲಿಲ್ಲ ಬಿಡಿ."

ಹೆಂಡತಿ ಮೆಲ್ಲಗೆ ಇತ್ತ ತಿರುಗಿದಳು.

"ಹಾಗಾದ್ರೆ ಮಧ್ಯಾಹ್ನ ನಮ್ಮಮ್ಮನ ಸುದ್ದಿ ಎತ್ತಿದ್ದು ಯಾರ್ರೀ?"

ದರ್ಜಿ ಸಲೂನಿನವನ ಕಡೆ ನೋಡಿದ. ಅವನಾಗಲೇ ಮೆಟ್ಟಿಲಿಳಿಯುತ್ತಿದ್ದ, ಎರಡೆರಡು ಹಾರಿಸಿಕೊಂಡು.