ಮಣ್ಣಿನ ಅಂಕಣಕ್ಕೆ ನಾನೆಳೆದ ಗೆರೆ

ಎಳೆದ ಗೆರೆ ಎಲ್ಲಾದರೂ ಅಳಿಸಿದ್ದು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಟೆಕ್ಸಸ್‌ನ ಫ್ರಿಸ್ಕೋದ ನಮ್ಮ ಮನೆಗೆ ಪಾರ್ಸೆಲ್ ತರುವಾತ, ಪಾಪ, ರಂಗೋಲಿ ತುಳಿಯಬಾರದೆಂದು ತುದಿಗಾಲಲ್ಲೇ ಬರುತ್ತಾನೆ. ಆದರೂ ಅವನು ಬೆನ್ನು ತಿರುಗಿಸುವಷ್ಟರಲ್ಲಿ ನಾನು ಪುಡಿ ಹಿಡಿದು ಕುಕ್ಕರಗಾಲಲ್ಲಿ ಕೂತಿರುತ್ತೇನೆ. "ಅಮ್ಮಾ, ಲೆಟ್ ಇಟ್ ಗೋ" ಎನ್ನುತ್ತಾಳೆ ಮಗಳು. ಹೇಳುವುದು ಸುಲಭ.

ಈ ಚಾಳಿ ನನ್ನ ಗಂಡನಿಗೆ ಮುಳುವಾದದ್ದು ಹೋದ ತಿಂಗಳು. ನೂರು ವರ್ಷಗಳ ಹಿಂದೆ ದೊಡ್ಡ ಟೆನಿಸ್ ಪಂದ್ಯಾವಳಿಗಳು ಕೆಂಪು ಮಣ್ಣಿನ ಮೇಲೆ ಹೇಗೆ ನಡೆಯುತ್ತಿದ್ದವೆಂದು ಇವರು ಎಲ್ಲೋ ಓದಿದರು. ಉದ್ದನೆಯ ಬಿಳಿ ಪ್ಯಾಂಟು, ಮರದ ರ್ಯಾಕೆಟ್ಟು, ಸುಣ್ಣದ ಗೆರೆ! ಕನ್ನಡದ ಗೆಳೆಯರನ್ನೆಲ್ಲ ಹುರಿದುಂಬಿಸಿ, ಹತ್ತಿರದ ಊರು ಯೂಲೆಸ್‌ನಲ್ಲೊಂದು ಹಳೆಯ ಮಣ್ಣಿನ ಅಂಕಣ ಹುಡುಕಿ, ತಾವೂ ಅಂಥದ್ದೇ ಪಂದ್ಯಾವಳಿ ಏರ್ಪಡಿಸಿದರು. ಪ್ಯಾಂಟಿಗೆ ಇಸ್ತ್ರಿ ಹಾಕಿದ್ದು ನಾನು; ಗೆರೆಯೂ ನನ್ನ ಪಾಲಿಗೇ ಬಂತು. ದಾರ ಹಿಡಿದು, ರಂಗೋಲಿ ಪುಡಿಯಲ್ಲಿ ಎಳೆದೆ. ಅಳಿಸಿದಾಗ ತಿದ್ದಲೆಂದು ಡಬ್ಬಿ ಹಿಡಿದು ಪಕ್ಕದಲ್ಲೇ ಕೂತೆ.

ಫೈನಲ್‌ನಲ್ಲಿ ಇವರಿಗೆ ಎದುರಾದದ್ದು ಕ್ಲಿಯರ್ ಲೇಕ್‌ನಿಂದ ಬಂದ ಹರೀಶ. ಕಾಲೇಜಿನ ಕಾಲದ ಗೆಳೆಯ. ಇವರು ಅವನನ್ನು ಒಮ್ಮೆಯೂ ಸೋಲಿಸಿದವರಲ್ಲ. ಅಂದು ಗೆಲ್ಲಲು ಇನ್ನೊಂದೇ ಪಾಯಿಂಟ್ ಬೇಕಿತ್ತು. ಇವರು ಬೀಸಿ ಹೊಡೆದ ಚೆಂಡು ನನ್ನ ಮುಂದಿನ ಮೂಲೆಯಲ್ಲೇ ಬಿತ್ತು.

"ಗೆದ್ದೆ!" ಎಂದು ಇವರು ಕೂಗಿದರು.

"ಎಲ್ಲೋ ಗೆದ್ದೆ? ಔಟು ಕಣೋ! ಮೊದಲು ಕನ್ನಡಕ ಬದಲಾಯಿಸು," ಎಂದ ಹರೀಶ.

"ಮಣ್ಣಿನ ಕೋರ್ಟು ಕಣಯ್ಯ ಇದು. ಬಾಲ್ ಬಿದ್ದ ಗುರುತು ಇರುತ್ತೆ, ಗೆರೆಗೆ ತಗುಲಿದ್ರೂ ಪಾಯಿಂಟ್ ನಂದೇ, ಬಾ ತೋರಿಸ್ತೀನಿ."

ಇಬ್ಬರೂ ಬಂದು ಬಗ್ಗಿದರು. ಗೆರೆ ಆಗಷ್ಟೇ ಎಳೆದಂತೆ ನೆಟ್ಟಗೆ, ಬೆಳ್ಳಗೆ ಇತ್ತು. ಸುತ್ತಲ ಮಣ್ಣೂ ನುಣ್ಣಗಿತ್ತು. ನಾನು ಕೈ ಕೊಡವಿಕೊಳ್ಳುತ್ತಿದ್ದೆ.

"ಅತ್ತಿಗೆ, ಇಲ್ಲಿದ್ದ ಗುರುತು?" ಎಂದ ಹರೀಶ.

"ಆಗಲೇ ಸರಿ ಮಾಡಿಬಿಟ್ಟೆ," ಎಂದೆ, ಹೊಗಳುತ್ತಾರೆಂದುಕೊಂಡು.

ಪಾಯಿಂಟನ್ನು ಮತ್ತೆ ಆಡಿಸಿದರು. ಇವರ ಗಮನ ಚೆಂಡಿಗಿಂತ ನನ್ನ ಡಬ್ಬಿಯ ಮೇಲೇ ಇತ್ತು. ಆ ಪಾಯಿಂಟೂ ಹೋಯಿತು, ಹಿಂದೆಯೇ ಪಂದ್ಯವೂ ಹೋಯಿತು.

ಮನೆಗೆ ಹೊರಟೆವು. ಕಾರು ಸಿಗ್ನಲ್‌ನಲ್ಲಿ ನಿಂತಾಗ ಇವರು, "ಅದೇ ಹೊತ್ತಲ್ಲಿ ತಿದ್ದಬೇಕಿತ್ತೇನೇ?" ಎಂದರು.

"ಮತ್ತೆ? ಗೆರೆ ಮಧ್ಯದಲ್ಲೇ ಪುಟ್ಟ ನಿಪ್ಪಟ್ಟಿನ ಹಾಗೆ ಗುಂಡಗೆ ಅಳಿಸಿಹೋಗಿತ್ತಲ್ಲ ರೀ!"

ಇವರು ನಿಧಾನವಾಗಿ ನನ್ನತ್ತ ತಿರುಗಿದರು. "ಗೆರೆ ಮಧ್ಯದಲ್ಲೇ?"

ಆಗ ನನಗೂ ಹೊಳೆಯಿತು. ಇವರು ಗೆದ್ದಿದ್ದರು. ಅದನ್ನು ಕಣ್ಣಾರೆ ಕಂಡ ಸಾಕ್ಷಿ ಇಡೀ ಟೆಕ್ಸಸ್‌ನಲ್ಲಿ ನಾನೊಬ್ಬಳೇ. ಹಿಂದಿನ ಕಾರು ಹಾರ್ನ್ ಹೊಡೆಯಿತು, ಸಿಗ್ನಲ್ ಹಸಿರಾಗಿತ್ತು. ಇವರು ಕಾರು ಮುಂದೆ ಬಿಟ್ಟರು. ಏನಾದರೂ ಸಮಾಧಾನ ಹೇಳಬೇಕೆನಿಸಿತು. ಬಾಯಿಗೆ ಬಂದದ್ದು ಮಾತ್ರ ಬೇರೆ:

"ಏನೇ ಅನ್ನಿ, ಗೆರೆ ಕೊನೇವರೆಗೂ ಚೆನ್ನಾಗಿತ್ತು ಅಲ್ವಾ?"